ಬೆಂಗಳೂರಿನ ಪಬ್‌ಗಳು: ಯಾರನ್ನು ಒಳಗೆ ಬಿಡುತ್ತಾರೆ, ಎಷ್ಟು ಹೊತ್ತು ಕೂರಲು ಬಿಡುತ್ತಾರೆ

ಪಬ್ ಹೇಗಿದೆ ಅಂತ ಯಾರಾದರೂ ಕೇಳಿದರೆ ನಾನು ಬಿಯರ್ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ನೋಡುವುದು ಎರಡೇ. ಬಾಗಿಲಲ್ಲಿ ಯಾರನ್ನು ತಡೆಯುತ್ತಾರೆ? ಒಂದು ಮಗ್ ತಗೊಂಡು ಎರಡು ಗಂಟೆ ಕೂತರೆ ಏನು ಮಾಡುತ್ತಾರೆ? ಈ ಎರಡರಲ್ಲಿ ಜಾಗ ಪಾಸಾದರೆ ಬಿಯರ್ ಸುಮಾರಾಗಿದ್ದರೂ ಮತ್ತೆ ಹೋಗುತ್ತೇನೆ. ಫೇಲಾದರೆ ಎಂಥ ಬಿಯರ್ ಇದ್ದರೂ ಬೇಡ.

ನಂದು ಕಾಟನ್‌ಪೇಟೆಯಲ್ಲಿ ಒಂದು ಸಣ್ಣ ಪ್ರೆಸ್. ತಂದೆ ಕಾಲದ್ದು. ಮದುವೆ ಪತ್ರಿಕೆ, ಬಿಲ್ ಬುಕ್, ಲೆಟರ್‌ಹೆಡ್ ಜೊತೆಗೆ ಬಾರ್, ಪಬ್‌ಗಳ ಮೆನು ಕಾರ್ಡೂ ನಮ್ಮಲ್ಲಿ ಆಗುತ್ತದೆ. ಹಾಗಾಗಿ ಗಿರಾಕಿಯಾಗಿ ಕಾಣದ ಕೆಲವು ವಿಷಯ ನನಗೆ ಕಾಣುತ್ತದೆ. ಬಿಯರ್ ಮೇಲೆ ಸರ್ಕಾರ ಸುಂಕ ಏರಿಸಿದ ವಾರ ಫೋನ್ ಬರುತ್ತದೆ. "ಹೊಸ ಕಾರ್ಡ್ ಬೇಡ ಸಾರ್, ರೇಟ್ ಮೇಲೆ ಅಂಟಿಸೋಕೆ ಸ್ಟಿಕ್ಕರ್ ಮಾಡಿಕೊಡಿ" ಅಂತಾರೆ. ಕೆಲವು ಕಡೆ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಬಿದ್ದು ಬಿಯರ್ ಸಾಲು ಮಾತ್ರ ಉಬ್ಬಿಕೊಂಡಿರುತ್ತದೆ. ಬೆರಳು ಆಡಿಸಿದರೆ ಸಾಕು, ಈಚೆಗೆ ಎಷ್ಟು ಸಲ ರೇಟ್ ಏರಿದೆ ಅಂತ ಗೊತ್ತಾಗುತ್ತದೆ. ಪಬ್ ಅನ್ನುವುದು ವ್ಯಾಪಾರ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಾನು ಅದನ್ನು ಬರೀ ವ್ಯಾಪಾರ ಅಂತ ನೋಡುವುದಿಲ್ಲ. ಅದಕ್ಕೆ ಕಾರಣ ಇದೆ.

ಬೆಂಗಳೂರಲ್ಲಿ ಪಬ್ ಬಂದಿದ್ದು 1980ರ ದಶಕದ ನಡುಭಾಗದ ಮೇಲೆ. ದೊಡ್ಡ ಹೋಟೆಲ್ ಬಿಟ್ಟರೆ ಅದಕ್ಕೆ ಮುಂಚೆ ಹೊರಗೆ ಕೂತು ಕುಡಿಯಲು ಇದ್ದದ್ದು ಎರಡು ದಾರಿ. ಒಂದು ಬಾರ್. ಮಂದ ಬೆಳಕು, ಪರದೆ ಎಳೆದ ಕ್ಯಾಬಿನ್, ಪರಿಚಯದವರು ಕಂಡಾರು ಅಂತ ತಲೆ ತಗ್ಗಿಸಿ ಒಳಗೆ ಹೋಗುವ ಗಂಡಸರು. ಇನ್ನೊಂದು ಕ್ಲಬ್. ಬೆಂಗಳೂರು ಕ್ಲಬ್ 1868ರದ್ದು. ಕಬ್ಬನ್ ಪಾರ್ಕಿನ ಸೆಂಚುರಿ ಕ್ಲಬ್ 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು. ಕ್ಲಬ್ ನಿಜವಾಗಿಯೂ ಸದಸ್ಯರದೇ ಜಾಗ. ಲಾಭಕ್ಕೆ ನಡೆಯುವುದಿಲ್ಲ, ರೇಟ್ ಕಡಿಮೆ, ಸಂಜೆಯೆಲ್ಲ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಆದರೆ ಗೇಟ್ ದಾಟಬೇಕಾದರೆ ಸದಸ್ಯರಾಗಿರಬೇಕು, ಇಲ್ಲ ಸದಸ್ಯರ ಅತಿಥಿಯಾಗಿರಬೇಕು. ನಮ್ಮ ತಂದೆ ಒಂದು ಕ್ಲಬ್ಬಿನ ವಾರ್ಷಿಕ ವರದಿಯನ್ನು ಎಷ್ಟೋ ವರ್ಷ ಅಚ್ಚು ಹಾಕಿಕೊಟ್ಟರು. ಪ್ರೂಫ್ ತಗೊಂಡು ಹೋದರೆ ಆಫೀಸ್ ರೂಮಿನವರೆಗೆ ಮಾತ್ರ. ಅಲ್ಲಿಂದ ಆಚೆ ವರಾಂಡದಲ್ಲಿ ಬೆತ್ತದ ಕುರ್ಚಿಗಳು ಕಾಣುತ್ತಿದ್ದವಂತೆ. ಒಂದು ದಿನವೂ ಅವರು ಅಲ್ಲಿ ಕೂರಲಿಲ್ಲ.

ಪಬ್ ಈ ಊರಿಗೆ ಕೊಟ್ಟಿದ್ದು ಆ ಕುರ್ಚಿಯನ್ನು. ಮಗ್ಗಿನ ದುಡ್ಡು ಇದ್ದರೆ ಆಯ್ತು. ಯಾವ ಊರು, ಯಾರ ಪೈಕಿ, ಯಾವ ಜಾತಿ, ಯಾರು ಪರಿಚಯ ಅಂತ ಕೇಳುವವರಿಲ್ಲ. ಬಾಗಿಲು ತೆಗೆಸಿದ್ದು ವ್ಯಾಪಾರವೇ. ಸಮುದಾಯದ ಜಾಗ ಬೇರೆ, ವ್ಯಾಪಾರದ ಜಾಗ ಬೇರೆ ಅಂತ ಮಾತಾಡುವವರು ಇದನ್ನು ಮರೆಯುತ್ತಾರೆ ಅನ್ನಿಸುತ್ತದೆ. ಸದಸ್ಯರೇ ನಡೆಸುವ ಜಾಗ ನಮ್ಮ ಊರಲ್ಲಿ ಎಲ್ಲರನ್ನೂ ಹೊರಗಿಟ್ಟಿತ್ತು. ದುಡ್ಡಿಗಾಗಿ ನಡೆಯುವ ಜಾಗ ಒಳಗೆ ಕರೆಯಿತು. ನನ್ನ ಚಿಂತೆ ಏನಂದರೆ, ಈಗ ಅದೇ ವ್ಯಾಪಾರ ಆ ಬಾಗಿಲನ್ನು ಮತ್ತೆ ಸಣ್ಣಗೆ ಮಾಡುತ್ತಿದೆ.

ಮೊದಲು ಒಳ್ಳೆಯ ಜಾಗಗಳ ಬಗ್ಗೆ ಹೇಳುತ್ತೇನೆ.

ಬ್ರಿಗೇಡ್ ರೋಡಿಂದ ಒಳಗೆ ತಿರುಗಿದರೆ ರೆಸ್ಟ್ ಹೌಸ್ ರೋಡ್. ಅಲ್ಲಿ ಪೆಕೋಸ್. 1989ರಲ್ಲಿ ಶುರುವಾಗಿದ್ದು. ಚರ್ಚ್ ಸ್ಟ್ರೀಟಲ್ಲಿ ಆಗ ನಾಸಾ ಅಂತ ಒಂದು ಪಬ್ ಇತ್ತು, ಒಳಗೆಲ್ಲ ಬಾಹ್ಯಾಕಾಶ ನೌಕೆ ಥರ ಕಟ್ಟಿದ್ದರು, ನೋಡಲಿಕ್ಕೇ ಜನ ಬರುತ್ತಿದ್ದರು. ರೆಸಿಡೆನ್ಸಿ ರೋಡಲ್ಲಿ ಪಬ್ ವರ್ಲ್ಡ್, ಬ್ಲ್ಯಾಕ್ ಕ್ಯಾಡಿಲಾಕ್. ಆ ಕಾಲದ ಹೆಸರುಗಳಲ್ಲಿ ಸುಮಾರು ಹೋದವು. ಪೆಕೋಸ್ ಇದೆ, ಬೇರೆ ಏರಿಯಾಗಳಲ್ಲೂ ಶಾಖೆ ಮಾಡಿದೆ. ನಾನು ಹೇಳುತ್ತಿರುವುದು ಹಳೆಯ ಪೆಕೋಸ್ ಬಗ್ಗೆ.

ಕಿರಿದಾದ ಕಟ್ಟಡ. ಒಂದರ ಮೇಲೆ ಒಂದು ಅಂತಸ್ತು, ಮಧ್ಯೆ ಇಕ್ಕಟ್ಟಾದ ಮೆಟ್ಟಿಲು. ಕೆಳಗಿಂದ ಒಬ್ಬರು ಹತ್ತುವಾಗ ಮೇಲಿಂದ ಇಳಿಯುವವರು ಗೋಡೆಗೆ ಒತ್ತಿಕೊಳ್ಳಬೇಕು. ಗೋಡೆ ತುಂಬಾ ಹಳೇ ರಾಕ್ ಹಾಡುಗಾರರು. ಹಾಡೂ ಅವೇ, 60, 70ರ ದಶಕದ್ದು. ನನಗೆ ಆ ಸಂಗೀತ ಮನೆಯಲ್ಲಿ ಕೇಳಿ ಗೊತ್ತಿದ್ದಲ್ಲ. ನಾನು ಬೆಳೆದದ್ದು ಪಿ.ಬಿ. ಶ್ರೀನಿವಾಸ್ ದನಿ ಕೇಳಿಕೊಂಡು. ಅಲ್ಲಿ ಕೂತು ಕೂತು ಯಾವ ಗಿಟಾರ್ ಯಾರದು ಅಂತ ಕಲಿತೆ. ಕಲಿಸಿದವರು ಪಕ್ಕದ ಟೇಬಲ್ಲಿನವರು.

ಅಲ್ಲಿನ ಮುಖ್ಯ ಗುಣ ಅದೇ. ಜಾಗ ಕಡಿಮೆ, ಹಾಗಾಗಿ ಅಪರಿಚಿತರ ಜೊತೆ ಟೇಬಲ್ ಹಂಚಿಕೊಳ್ಳಬೇಕಾಗುತ್ತದೆ. "ಇಲ್ಲಿ ಯಾರಾದ್ರೂ ಇದಾರಾ?" ಅಂತ ಕೇಳಿ ಕೂತುಬಿಡುವುದು. ಒಂದು ಸಲ ನನ್ನ ಎದುರು ಕೂತವನು ಹಾಸನದಿಂದ ಬಂದ ಹುಡುಗ. ಹಗಲು ಕೊರಿಯರ್ ಕಂಪನಿಯಲ್ಲಿ ಕೆಲಸ, ರಾತ್ರಿ ಒಂದು ಬ್ಯಾಂಡಿಗೆ ಡ್ರಮ್ಸ್. ನನ್ನ ಪಕ್ಕ ಕೂತವರು ಐಟಿಐ ಕಾರ್ಖಾನೆಯಿಂದ ನಿವೃತ್ತರಾದವರು. ಹುಡುಗ ಟೇಬಲ್ ಮೇಲೆ ಎರಡು ಬೆರಳಲ್ಲಿ ತಾಳ ಹಾಕುತ್ತಾ ಕೂತಿದ್ದ. ಹಿರಿಯರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೂ ಶುರು ಮಾಡಿದರು, ಅವರದು ಆದಿತಾಳ. ಅವರು ಮೃದಂಗ ಕಲಿತವರಂತೆ. ಆಮೇಲೆ ಇಬ್ಬರೂ ಲೆಕ್ಕಾಚಾರಕ್ಕೆ ಇಳಿದರು. ಎಲ್ಲಿ ಎತ್ತುಗಡೆ, ಎಲ್ಲಿ ಬಿಡಬೇಕು ಅಂತ. ನನ್ನ ಮಗ್ ಖಾಲಿಯಾಗಿ ಬಹಳ ಹೊತ್ತಾಗಿತ್ತು, ಯಾರೂ ಬಂದು ಇನ್ನೇನು ಬೇಕು ಅಂತ ಒತ್ತಾಯ ಮಾಡಲಿಲ್ಲ. ಇದನ್ನು ಯಾವ ಮೆನುವಿನಲ್ಲೂ ಹಾಕಲು ಆಗುವುದಿಲ್ಲ. ಆದರೆ ನಾವು ದುಡ್ಡು ಕೊಡುವುದು ಇದಕ್ಕೇ ಅಲ್ವಾ?

ಕುಂದು ಇಲ್ಲ ಅಂತಲ್ಲ. ಶನಿವಾರ ಸಂಜೆ ಹಾಡಿನ ಸದ್ದಿಗೆ ಎದುರಿನವರ ಮಾತು ಕೇಳುವುದು ಕಷ್ಟ. ಮಂಡಿ ನೋವಿದ್ದವರಿಗೆ ಆ ಮೆಟ್ಟಿಲು ಆಗುವುದಿಲ್ಲ, ಕೆಳಗೇ ಜಾಗ ಸಿಗಬೇಕು. ವಾರದ ನಡುವೆ ಮಧ್ಯಾಹ್ನದ ಹೊತ್ತು ಹೋಗುವುದು ಒಳ್ಳೆಯದು.

ಎರಡನೆಯದು ವಸಂತನಗರದ ವಿಂಡ್ಸರ್ ಪಬ್. ಕೊಡವ ಸಮಾಜದ ಕಟ್ಟಡದಲ್ಲಿ ಇರುವುದು. ಹೆಸರು ಇಂಗ್ಲೆಂಡಿನದು, ತಟ್ಟೆ ನಮ್ಮ ಕಡೆಯದು. ಕೊಡಗಿನ ಪಂದಿ ಕರಿ, ಮಂಗಳೂರು ಕಡೆಯ ಮೀನು. ಪಂದಿ ಕರಿ ಕಪ್ಪಗೆ, ಹುಳಿಯಾಗಿ, ಕೊಡಗಿನ ಹುಳಿ ರಸ ಕಾಚಂಪುಳಿಯ ರುಚಿ ನಾಲಿಗೆ ಮೇಲೆ ನಿಲ್ಲುವ ಹಾಗಿದ್ದರೆ ಅದು ಸರಿಯಾದದ್ದು. ಇಲ್ಲಿ ನನಗೆ ಸರಿಯಾದದ್ದು ಸಿಕ್ಕಿದೆ. ಆಸುಪಾಸಿನ ಟೇಬಲ್‌ಗಳಲ್ಲಿ ಕೊಡವ ತಕ್ಕ್, ತುಳು, ಕನ್ನಡ, ಇಂಗ್ಲಿಷ್ ಎಲ್ಲ ಕಿವಿಗೆ ಬೀಳುತ್ತದೆ. ಮಡಿಕೇರಿ ಕಡೆಯಿಂದ ಕೆಲಸಕ್ಕೆ ಬಂದ ಹುಡುಗರು ಊರಿನ ಊಟಕ್ಕೆ ಅಂತ ಬರುತ್ತಾರೆ, ಬಂದವರಿಗೆ ಊರಿನವರು ಸಿಗುತ್ತಾರೆ. ಒಂದು ಪ್ರದೇಶದ ಅಡುಗೆ ಇಟ್ಟುಕೊಂಡ ಪಬ್ಬಿಗೆ ತಾನಾಗಿಯೇ ಒಂದು ಬಳಗ ಹುಟ್ಟುತ್ತದೆ. ನಾಚೋಸ್, ಪಿಜ್ಜಾ ಇಟ್ಟವರಿಗೆ ಗಿರಾಕಿ ಸಿಗುತ್ತಾರೆ, ಬಳಗ ಸಿಗುವುದು ಕಷ್ಟ.

ಸೇಂಟ್ ಮಾರ್ಕ್ಸ್ ರೋಡಿನ ಕೋಶೀಸ್ ಪಬ್ ಅಲ್ಲ. 1940ರಲ್ಲಿ ಬೇಕರಿಯಾಗಿ ಶುರುವಾದ ಜಾಗ. ಬಿಯರ್ ಸಿಗುತ್ತದೆ, ಕಾಫಿಯೂ ಸಿಗುತ್ತದೆ. ಒಂದೇ ಟೇಬಲ್ಲಲ್ಲಿ ಒಬ್ಬರು ಬಿಯರ್, ಒಬ್ಬರು ಕಾಫಿ ಕುಡಿದರೆ ಯಾರಿಗೂ ವಿಚಿತ್ರ ಅನ್ನಿಸದ ಜಾಗ ಈ ಊರಲ್ಲಿ ಎಷ್ಟಿವೆ ಹೇಳಿ. ಕುಡಿಯದವರನ್ನು ಕೂರಿಸಿಕೊಳ್ಳದ ಪಬ್ ಅರ್ಧ ಊರನ್ನು ಹೊರಗಿಟ್ಟ ಹಾಗೆ.

ಇನ್ನು ಬ್ರೂವರಿ ಪಬ್‌ಗಳು. 2010ರ ಆಸುಪಾಸಿನಿಂದ ಅಲ್ಲೇ ಬಿಯರ್ ತಯಾರಿಸಿ ಅಲ್ಲೇ ಮಾರುವ ಪಬ್‌ಗಳು ಬಂದವು. ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್ ಆ ಸಾಲಿನಲ್ಲಿ ಮೊದಮೊದಲಿನದು. ಬಾಸ್ಮತಿ ಅಕ್ಕಿ ಸೇರಿಸಿ ಮಾಡಿದ ಅವರ ಬ್ಲಾಂಡ್ ಬಿಯರ್ ನನಗೆ ಇಷ್ಟ. ಹಗುರ, ಬೇಸಿಗೆ ಮಧ್ಯಾಹ್ನಕ್ಕೆ ಚೆನ್ನಾಗಿದೆ. ಬಾಟಲ್ ಬಿಯರ್ ಬಿಟ್ಟು ಬೇರೆ ರುಚಿ ಗೊತ್ತಿಲ್ಲದ ನನ್ನಂಥವರಿಗೆ ಗೋಧಿ ಬಿಯರ್ ಅಂದರೇನು, ಸ್ಟೌಟ್ ಅಂದರೇನು ಅಂತ ಕಲಿಸಿದ್ದು ಈ ಬ್ರೂವರಿಗಳೇ. ಅದು ದೊಡ್ಡ ಕೆಲಸ. ಆದರೆ ತಾಮ್ರ, ಸ್ಟೀಲ್ ಟ್ಯಾಂಕು ಇಡಲು ಜಾಗ ಬೇಕು. ಜಾಗಕ್ಕೆ ಬಾಡಿಗೆ ಬೇಕು. ಬಾಡಿಗೆ ಹುಟ್ಟಬೇಕಾದರೆ ಒಂದು ಕುರ್ಚಿಯಲ್ಲಿ ಸಂಜೆಗೆ ಮೂರು ಜನ ಕೂತು ಏಳಬೇಕು. ಇಲ್ಲಿಂದ ಶುರುವಾಗುತ್ತದೆ ತೊಂದರೆ.

ಲೈಸೆನ್ಸ್ ವಿಷಯ ಇನ್ನೂ ಕಷ್ಟದ್ದು. ಬಾರ್ ಅಂಡ್ ರೆಸ್ಟೋರೆಂಟಿಗೆ ಬೇಕಾದ್ದು ಸಿಎಲ್-9. ಹೊಸ ಸಿಎಲ್-9 ಕೊಡುವುದನ್ನು ಸರ್ಕಾರ ನಿಲ್ಲಿಸಿದ್ದು 1992ರಲ್ಲಿ. ಆಮೇಲೆ ಊರು ಎಷ್ಟು ಬೆಳೆಯಿತು ಅಂತ ನಿಮಗೇ ಗೊತ್ತು. ಹಾಗಾಗಿ ಇದ್ದ ಲೈಸೆನ್ಸೇ ಕೈಯಿಂದ ಕೈಗೆ ಹೋಗುತ್ತಾ ಬಂತು, ಪ್ರತಿ ಸಲವೂ ಬೆಲೆ ಏರಿತು. ಇವತ್ತು ಒಬ್ಬ ಸಾಮಾನ್ಯ ಮನುಷ್ಯ ತನ್ನ ಬೀದಿಯವರಿಗೆ ಅಂತ ಹತ್ತು ಟೇಬಲ್ಲಿನ ಒಂದು ಸಣ್ಣ ಪಬ್ ಮಾಡುತ್ತೇನೆ ಅಂದರೆ ಲೆಕ್ಕ ಹುಟ್ಟುವುದೇ ಇಲ್ಲ. ದೊಡ್ಡ ಬಂಡವಾಳದವರೇ ಬರಬೇಕು. ದೊಡ್ಡ ಬಂಡವಾಳ ಬಂದ ಮೇಲೆ ಗಡಿಯಾರ ಬರುತ್ತದೆ.

ಗಡಿಯಾರ ಅಂತ ಸುಮ್ನೆ ಹೇಳುತ್ತಿಲ್ಲ. ಒಂದು ಪಬ್ಬಿನವರು ನಮ್ಮಲ್ಲಿ ಟೇಬಲ್ ಮೇಲೆ ನಿಲ್ಲಿಸುವ ಟೆಂಟ್ ಕಾರ್ಡ್ ಮಾಡಿಸಿದರು. 300 ಜಿಎಸ್‌ಎಂ ಆರ್ಟ್ ಬೋರ್ಡ್, ಎರಡೂ ಕಡೆ ಮ್ಯಾಟ್ ಲ್ಯಾಮಿನೇಷನ್, ನಡುವೆ ಕ್ರೀಸ್. ಒಂದು ಮುಖದಲ್ಲಿ ಹೊಸ ಕಾಕ್‌ಟೇಲ್ ಚಿತ್ರ. ಇನ್ನೊಂದು ಮುಖದಲ್ಲಿ ಸಣ್ಣ ಅಕ್ಷರದಲ್ಲಿ, ಶುಕ್ರ, ಶನಿ, ಭಾನುವಾರ ಟೇಬಲ್ ಸಮಯ 90 ನಿಮಿಷ. ಮೊದಲ ಪ್ರೂಫಿನಲ್ಲಿ ಆ ಸಾಲು ಸ್ವಲ್ಪ ದೊಡ್ಡದಾಗಿತ್ತು. ಚಿಕ್ಕದು ಮಾಡಿ ಅಂತ ವಾಪಸ್ ಕಳಿಸಿದರು. ಗಿರಾಕಿ ಕೂತಮೇಲೆ ಓದಲಿ ಅನ್ನುವ ಉದ್ದೇಶ ಇರಬೇಕು. 90 ನಿಮಿಷದಲ್ಲಿ ಒಂದು ಊಟ ಮುಗಿಸಬಹುದು. ಜಗಳ ಆಡಿದ ಗೆಳೆಯನ ಜೊತೆ ರಾಜಿ ಆಗಲು ಸಾಲುವುದಿಲ್ಲ. ಕೆಲಸ ಕಳಕೊಂಡವನು ಬಾಯಿ ಬಿಟ್ಟು ಹೇಳಲು ಎರಡನೇ ಮಗ್ಗಿನವರೆಗೆ ಹೊತ್ತು ಬೇಕಾಗುತ್ತದೆ, ಅಷ್ಟರಲ್ಲಿ ಬಿಲ್ ಬಂದಿರುತ್ತದೆ.

ಬಾಗಿಲಿನ ಕಥೆ ಇದಕ್ಕಿಂತ ಜಾಸ್ತಿ ನೋವಿನದು. ಊರಿನ ಪೂರ್ವದ ಕಡೆ ಒಂದು ದೊಡ್ಡ ಬ್ರೂವರಿ ಪಬ್. ಹೆಸರು ಬೇಡ. ದೊಡ್ಡ ಆರ್ಡರ್ ಒಂದು ಮುಗಿದ ಖುಷಿಗೆ ಪ್ರೆಸ್ಸಿನವರೆಲ್ಲ ಹೋಗಿದ್ದೆವು. ನಮ್ಮ ಬೈಂಡಿಂಗ್ ಮೇಸ್ತ್ರಿ ನನಗಿಂತ ಹಿರಿಯರು. ತಂದೆ ಕಾಲದಿಂದ ಇದ್ದಾರೆ. ಒಗೆದು ಇಸ್ತ್ರಿ ಮಾಡಿದ ಬಿಳಿ ಶರ್ಟು, ಪ್ಯಾಂಟು, ಕಾಲಿಗೆ ಹೊಸ ಚಪ್ಪಲಿ. ಬಾಗಿಲಲ್ಲಿ ನಿಂತ ಹುಡುಗ ಕಾಲು ನೋಡಿದ. "ಶೂಸ್ ಬೇಕು ಸಾರ್" ಅಂದ. ನಾನು ಮಾತಾಡಿದೆ, ಮ್ಯಾನೇಜರ್ ಬಂದರು, ರೂಲ್ಸ್ ಅಂದರು. ನಮ್ಮ ಹಿಂದೆ ನಿಂತಿದ್ದ ಒಬ್ಬ ಹುಡುಗ ಚಡ್ಡಿ ಹಾಕಿದ್ದ, ಕಾಲಿಗೆ ದುಬಾರಿ ಬೂಟು. ಅವನನ್ನು ಬಿಟ್ಟರು. ಮೇಸ್ತ್ರಿ ನನ್ನ ತೋಳು ಮುಟ್ಟಿ, "ನೀವು ಹೋಗ್ಬನ್ನಿ ಸ್ವಾಮಿ, ನಂಗೆ ಬಸ್ಸಿಗೂ ಹೊತ್ತಾಯ್ತು" ಅಂದರು. ಅವರು ಮುಂದೆ ಏನೂ ಹೇಳಲಿಲ್ಲ. ನಾವೆಲ್ಲ ಅಲ್ಲಿಂದ ಹೊರಟೆವು.

ಪಂಚೆ ಉಟ್ಟು ಬಂದ ರೈತರೊಬ್ಬರನ್ನು ಮಾಲ್ ಒಳಗೆ ಬಿಡಲಿಲ್ಲ ಅಂತ 2024ರ ಜುಲೈಯಲ್ಲಿ ಇಡೀ ರಾಜ್ಯ ಸಿಟ್ಟಾಗಿತ್ತು. ವಿಧಾನಸಭೆಯಲ್ಲೂ ಮಾತಾಯಿತು. ಪಬ್ ಬಾಗಿಲಲ್ಲಿ ಹೀಗೆ ಎಷ್ಟು ಜನ ವಾಪಸ್ ಹೋಗುತ್ತಾರೋ, ಕುಡಿಯುವ ಜಾಗದ ಮಾತು ಅಂತ ಅವರು ಹೊರಗೆ ಹೇಳಿಕೊಳ್ಳುವುದೂ ಇಲ್ಲ. ಚಪ್ಪಲಿ ಒಂದೇ ಅಲ್ಲ. ವಾರದ ಕೊನೆಯಲ್ಲಿ ಜೋಡಿ ಇಲ್ಲದ ಗಂಡಸರನ್ನು ಬಿಡದ ಪಬ್‌ಗಳಿವೆ. ಹೆಣ್ಣುಮಕ್ಕಳ ಸುರಕ್ಷತೆಗೆ ಅಂತ ಹೇಳುತ್ತಾರೆ. ಸುರಕ್ಷತೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅನುಚಿತವಾಗಿ ನಡೆದುಕೊಂಡವನನ್ನು ಎತ್ತಿ ಹೊರಗೆ ಹಾಕಿ. ಬಾಗಿಲಲ್ಲೇ ಎಲ್ಲರನ್ನೂ ಅಪರಾಧಿ ಮಾಡುವುದು, ಅಥವಾ ಹುಡುಗಿಯರನ್ನು ಪ್ರವೇಶದ ಚೀಟಿ ಥರ ನೋಡುವುದು ಸುರಕ್ಷತೆ ಅಲ್ಲ.

ಆ ದಿನ ನಾವು ಹೋಗಿ ಕೂತಿದ್ದು ನಮ್ಮ ಏರಿಯಾದ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ. ಪಬ್ ಅಂತ ಯಾರೂ ಕರೆಯಲ್ಲ. ಟ್ಯೂಬ್‌ಲೈಟು, ಮೈಕಾ ಹಾಕಿದ ಟೇಬಲ್, ಗೋಡೆ ಮೇಲೆ ಟಿವಿ, ಕೌಂಟರ್ ಹತ್ತಿರ ನಿಂತೇ ಕುಡಿದು ಹೋಗುವವರ ಸಾಲು. ತಟ್ಟೆಯಲ್ಲಿ ಹೆಚ್ಚಿದ ಸೌತೆಕಾಯಿಗೆ ಉಪ್ಪುಖಾರ, ಬೇಯಿಸಿದ ಕಡ್ಲೆಕಾಯಿ. ಪೆಪ್ಪರ್ ಡ್ರೈ ಚೆನ್ನಾಗಿ ಮಾಡುತ್ತಾರೆ, ಕಬಾಬ್ ಅಷ್ಟಕ್ಕಷ್ಟೆ. ಸಪ್ಲೈಯರ್ ಕುಂದಾಪುರ ಕಡೆಯವರು. ಮೇಸ್ತ್ರಿ ಕೂತ ಕೂಡಲೇ ಕೇಳದೇ ಅವರ ಬ್ರ್ಯಾಂಡಿನ ನೈಂಟಿ ತಂದಿಟ್ಟರು, ಜೊತೆಗೆ ಬಿಸಿ ನೀರು. ಮೇಸ್ತ್ರಿ ಮುಖ ಆಗ ಸ್ವಲ್ಪ ತಿಳಿಯಾಯಿತು.

ಈ ಬಾರ್ ಒಳಗೆ ಏನೇನು ನಡೆಯುತ್ತದೆ ಅಂದರೆ ನಮ್ಮ ವಾರ್ಡಿನ ಕಚೇರಿಯಲ್ಲೂ ಅಷ್ಟು ನಡೆಯಲ್ಲ. ಆಟೋದವರ ಚೀಟಿ ಇಲ್ಲೇ ಎತ್ತುವುದು. ಗಣೇಶನ ಹಬ್ಬದ ಲೆಕ್ಕ ಇಲ್ಲೇ ಕೂತು ಮುಗಿಸುವುದು. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಒಬ್ಬರು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಕ್ಯಾಶ್ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಟ್ಟರು. ಹೆಸರು, ಮೊತ್ತ. ಬಿಲ್ ಕೊಡುವಾಗ ಕೆಲವರು ಐವತ್ತು, ಕೆಲವರು ಐನೂರು ಬರೆದರು. ಮಾಲೀಕರು ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದಿದ್ದರು. ಆ ಮಾಲೀಕರು ಬೆಳಿಗ್ಗೆ ನನ್ನ ಹತ್ತಿರ ಬಿಲ್ ಬುಕ್ಕಿಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ಮನುಷ್ಯ. ವ್ಯಾಪಾರ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ಆದರೆ ಇಲ್ಲಿಗೆ ನನ್ನ ಅಕ್ಕನ ಮಗಳನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ನೇರ ಮಾತು. "ಮಾಮ, ನಿಮ್ಮ ಬಾರ್ ಸಮುದಾಯದ ಜಾಗ ಅಂತೀರಲ್ಲ, ಅದರಲ್ಲಿ ನಾನಿಲ್ವಲ್ಲ" ಅಂತಾಳೆ. ಫ್ಯಾಮಿಲಿ ರೂಮ್ ಅಂತ ಒಂದಿದೆ. ಪಾತ್ರೆ ತೊಳೆಯುವ ಜಾಗದ ಪಕ್ಕ, ಕಿಟಕಿ ಇಲ್ಲ. ಅಲ್ಲಿ ಕೂರಿಸುವುದು ಅಂದರೆ ಬಚ್ಚಿಡುವುದು. ಅವಳು ಗೆಳತಿಯರ ಜೊತೆ ಪೆಕೋಸಿಗೆ, ಇಂದಿರಾನಗರಕ್ಕೆ ಹೋಗುತ್ತಾಳೆ. ಅಲ್ಲಿ ಯಾರೂ ತಿರುಗಿ ನೋಡಲ್ಲ. ಈ ಸ್ವಾತಂತ್ರ್ಯ ಸುಲಭಕ್ಕೆ ಬಂದಿದ್ದಲ್ಲ. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದ ದೃಶ್ಯ ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಹೆಣ್ಣುಮಕ್ಕಳು ನಾಲ್ಕು ಜನರ ನಡುವೆ ಕೂತು ನಗುವುದೇ ಕೆಲವರಿಗೆ ಆಗುವುದಿಲ್ಲ. ಅಂಥ ಕಡೆ ಪಬ್ ಮಾಲೀಕ ದುಡ್ಡಿಗಾಗಿಯೇ ಬಾಗಿಲು ತೆರೆದಿಟ್ಟರೂ ಅದು ಊರಿಗೆ ಮಾಡಿದ ಉಪಕಾರವೇ. ಹಾಗಾಗಿ ಬಾರ್ ಒಳ್ಳೆಯದು, ಪಬ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮೇಸ್ತ್ರಿಯೂ ಅಕ್ಕನ ಮಗಳೂ ಒಂದೇ ಟೇಬಲ್ಲಿಗೆ ಕೂರಬಹುದಾದ ಜಾಗ ನನಗೆ ಬೇಕು. ಪೆಕೋಸ್, ವಿಂಡ್ಸರ್, ಕೋಶೀಸ್ ನಾನು ಎತ್ತಿ ಹೇಳುವುದು ಅದಕ್ಕೆ. ಅಲ್ಲಿ ಕೂರಬಹುದು. ರೇಟ್ ಮಾತ್ರ ಮೇಸ್ತ್ರಿಗೆ ಜಾಸ್ತಿಯೇ.

ಇಂಗ್ಲೆಂಡಿನಲ್ಲಿ ಈ ವಿಷಯಕ್ಕೆ ಕಾನೂನೇ ಇದೆ. ಅಲ್ಲಿ 2011ರ ಕಾಯಿದೆ ಪ್ರಕಾರ ಊರಿನವರು ತಮ್ಮ ಪಬ್ಬನ್ನು ಸಮುದಾಯಕ್ಕೆ ಬೇಕಾದ ಆಸ್ತಿ ಅಂತ ಪಟ್ಟಿಗೆ ಸೇರಿಸಬಹುದು. ಮಾಲೀಕ ಮಾರಲು ಹೊರಟರೆ ಊರಿನವರು ದುಡ್ಡು ಹೊಂದಿಸಿಕೊಳ್ಳಲಿ ಅಂತ ಆರು ತಿಂಗಳು ತಡೆ ಹಾಕಬಹುದು. ಮಾರಲೇಬೇಕು, ಅವರಿಗೇ ಮಾರಬೇಕು ಅಂತಿಲ್ಲ. ಸಮಯ ಮಾತ್ರ ಕೊಡುತ್ತದೆ. ಅದಕ್ಕೂ ಮುಂಚೆಯೇ, 2003ರಲ್ಲಿ, ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನುವ ಹಳ್ಳಿಯಲ್ಲಿ ಜನ ಸಹಕಾರ ಸಂಘ ಮಾಡಿಕೊಂಡು ಓಲ್ಡ್ ಕ್ರೌನ್ ಅನ್ನುವ ಪಬ್ಬನ್ನು ಕೊಂಡರು. ನಮ್ಮಲ್ಲಿ ಹಾಲಿಗೆ, ಮನೆಗೆ, ಸಾಲಕ್ಕೆ ಎಲ್ಲದಕ್ಕೂ ಸಹಕಾರ ಸಂಘ ಇದೆ. ಕೂತು ಮಾತಾಡುವ ಜಾಗಕ್ಕೆ ಯಾಕಿಲ್ಲ ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ಲೈಸೆನ್ಸ್ ನೆನಪಾದರೆ ಯೋಚನೆ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಸರ್ಕಾರಕ್ಕೆ ಪಬ್ ಅಂದರೆ ಎರಡೇ, ಅಬಕಾರಿ ಆದಾಯ ಮತ್ತು ಪೊಲೀಸ್ ಸಮಸ್ಯೆ. ಹೆದ್ದಾರಿ ಪಕ್ಕ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಕ್ಕೆ 2017ರ ಜುಲೈ 1ರಿಂದ ಎಂ.ಜಿ. ರೋಡ್, ಬ್ರಿಗೇಡ್ ರೋಡ್ ಸುತ್ತಮುತ್ತ ಎಷ್ಟೋ ಬಾಗಿಲು ಮುಚ್ಚಿದವು. ಊರ ನಡುವಿನ ರಸ್ತೆಯೂ ಆಗ ದಾಖಲೆಯಲ್ಲಿ ಹೆದ್ದಾರಿ ಆಗಿತ್ತು. ಆಗ ಪತ್ರಿಕೆಗಳಲ್ಲಿ ಬಂದದ್ದೆಲ್ಲ ಆದಾಯ ನಷ್ಟದ ಲೆಕ್ಕ. ಸಂಜೆ ಸೇರಲು ಜಾಗ ಹೋಯಿತು ಅಂತ ಬರೆದವರು ಕಡಿಮೆ. ಕೆಲಸದ ಹುಡುಗರು ಬ್ಯಾಗ್ ಎತ್ತಿಕೊಂಡು ಊರಿಗೆ ಹೋದರು ಅಂತ ಬರೆದವರು ಇನ್ನೂ ಕಡಿಮೆ.

ಆ ಹುಡುಗರ ಬಗ್ಗೆ ಒಂದು ಮಾತು ಹೇಳಲೇಬೇಕು. 2018ರ ಜನವರಿಯಲ್ಲಿ ಮಾರ್ಕೆಟ್ ಹತ್ತಿರದ ಒಂದು ಬಾರಿಗೆ ರಾತ್ರಿ ಬೆಂಕಿ ಬಿದ್ದು ಒಳಗೇ ಮಲಗಿದ್ದ ಐದು ಜನ ಕೆಲಸಗಾರರು ಸತ್ತರು. ನಮ್ಮ ಪ್ರೆಸ್ಸಿಗೆ ದೂರ ಇಲ್ಲ ಆ ಜಾಗ. ನಾವು ಎದ್ದು ಮನೆಗೆ ಹೋದ ಮೇಲೆ ಟೇಬಲ್ ಒತ್ತಿಟ್ಟು ಅಲ್ಲೇ ಚಾಪೆ ಹಾಸಿ ಮಲಗುವವರು ಅವರು. ಹೊಸ ಪಬ್ಬಿಗೆ ಹೋದರೆ ಹಿಂದಿನ ಬಾಗಿಲು ಎಲ್ಲಿದೆ, ಮೆಟ್ಟಿಲಲ್ಲಿ ಬಿಯರಿನ ಖಾಲಿ ಪೀಪಾಯಿ ಪೇರಿಸಿದ್ದಾರಾ ಅಂತ ಈಗ ನಾನು ನೋಡುತ್ತೇನೆ. ನೀವೂ ನೋಡಿ. ಟಿಪ್ಸ್ ಕೈಗೇ ಕೊಡಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ತಾವಾಗಿಯೇ ಸೇರಿಸಬಾರದು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಅಂದರೆ ತೆಗೆಯಬೇಕು. ಆ ದುಡ್ಡು ನಮ್ಮ ಟೇಬಲ್ಲಿಗೆ ಬಡಿಸಿದವರಿಗೆ ನೇರ ಸೇರಲಿ.

ಕೊನೆಗೆ ಮೆನು. ಅದು ನನ್ನ ಕಸುಬು. ಅಂಗಡಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂದಾಗ ನಮಗೆ ಬೋರ್ಡು, ಸ್ಟಿಕ್ಕರ್ ಕೆಲಸ ಚೆನ್ನಾಗಿ ಬಂತು. ಪಬ್‌ಗಳೂ ಹೊರಗೆ ದೊಡ್ಡದಾಗಿ ಕನ್ನಡ ಹಾಕಿಕೊಂಡವು. ಒಳಗೆ ಮೆನು ಮಾತ್ರ ಇಂಗ್ಲಿಷ್. ಈಗ ಅದೂ ಹೋಗಿ ಕ್ಯೂಆರ್ ಕೋಡ್ ಬಂದಿದೆ, ಫೋನ್ ಹಿಡಿದು ನೋಡಬೇಕು. ಮೇಸ್ತ್ರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಜೀವಮಾನವೆಲ್ಲ ಕನ್ನಡ ಪುಸ್ತಕಗಳನ್ನು ಮಡಚಿ ಹೊಲಿದವರು. ಅವರ ಕೈಗೆ ಪಬ್ ಮೆನು ಕೊಟ್ಟರೆ ತಿರುಗಿಸಿ ನನಗೆ ಕೊಡುತ್ತಾರೆ. ನನ್ನ ಊರಲ್ಲಿ, ನಾನೇ ಅಚ್ಚು ಹಾಕಿದ ಕಾರ್ಡನ್ನು ಅವರಿಗೆ ನಾನು ಓದಿ ಹೇಳಬೇಕು. ಇದು ನನಗೆ ಸಹಿಸಲು ಆಗುವುದಿಲ್ಲ. ನವೆಂಬರ್ ಬಂದರೆ ಕೆಂಪು ಹಳದಿ ಬಂಟಿಂಗ್ ಆರ್ಡರ್ ಬರುತ್ತದೆ, ಕನ್ನಡ ಹಾಡಿನ ಸಂಜೆಯ ಪೋಸ್ಟರ್ ಬರುತ್ತದೆ. ಸಂತೋಷ. ಡಿಸೆಂಬರಿಗೆ ಮೆನು ಮತ್ತೆ ಅದೇ.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಪೆಕೋಸಿಗೆ ಎಂ.ಜಿ. ರೋ‌ಡ್ ಮೆಟ್ರೋದಲ್ಲಿ ಇಳಿದು ನಡೆದುಕೊಂಡೇ ಹೋಗಬಹುದು, ಗಾಡಿ ತರಬೇಡಿ. ವಿಂಡ್ಸರಿಗೆ ಹಸಿವು ಇಟ್ಟುಕೊಂಡು ಹೋಗಿ. ಕೋಶೀಸಿಗೆ ಕುಡಿಯದ ಗೆಳೆಯರನ್ನೂ ಕರೆದುಕೊಂಡು ಹೋಗಿ. ಟಾಯ್ಟಿಗೆ ವಾರದ ನಡುವಿನ ಮಧ್ಯಾಹ್ನ ಹೋಗಿ, ಆಗ ಬಿಯರಿನ ರುಚಿ ನಿಧಾನಕ್ಕೆ ನೋಡಬಹುದು. ಟೇಬಲ್ ಮೇಲೆ 90 ನಿಮಿಷದ ಕಾರ್ಡ್ ಕಂಡರೆ ಆರ್ಡರ್ ಕೊಡುವ ಮುಂಚೆಯೇ ಓದಿಕೊಳ್ಳಿ, ಬೇಡ ಅನ್ನಿಸಿದರೆ ಎದ್ದು ಬನ್ನಿ. ಚಪ್ಪಲಿ ಹಾಕಿದವರನ್ನು ತಡೆದರೆ ಬಾಗಿಲಲ್ಲೇ ಮ್ಯಾನೇಜರನ್ನು ಕರೆಸಿ ಕೇಳಿ, ನಿಮ್ಮ ಕಾಲಲ್ಲಿ ಬೂಟು ಇದ್ದರೂ ಕೇಳಿ.

ಪಬ್ ಮಾಲೀಕರಲ್ಲಿ ಯಾರಾದರೂ ಕನ್ನಡದಲ್ಲಿ ಮೆನು ಮಾಡಿಸುತ್ತೇನೆ ಅಂದರೆ ಕಾಟನ್‌ಪೇಟೆಗೆ ಬನ್ನಿ. ಕಂಪೋಸಿಂಗ್ ದುಡ್ಡು ಬೇಡ. ಕಾಗದ, ಲ್ಯಾಮಿನೇಷನ್ ಖರ್ಚು ಕೊಟ್ಟರೆ ಸಾಕು, ಪ್ರೂಫ್ ನಮ್ಮ ಮೇಸ್ತ್ರಿಯೇ ನೋಡುತ್ತಾರೆ.